ಒಂದು ದಿನದ ಹಳದಿ ಅಂಗಿ

ದಿಲ್ಲಿಯ ಜುಲೈ ತಿಂಗಳಲ್ಲಿ ಕೂಲರ್ ಎಂಬ ಯಂತ್ರವು ತಂಪು ಕೊಡುವುದನ್ನು ನಿಲ್ಲಿಸಿ ಬರೀ ಸದ್ದು ಕೊಡಲು ತೊಡಗುತ್ತದೆ. ಗಾಳಿಯಲ್ಲೇ ನೀರು ತುಂಬಿಕೊಂಡಿರುವಾಗ ಅದಾದರೂ ಪಾಪ ಇನ್ನೆಷ್ಟು ನೀರನ್ನು ಬೆರೆಸೀತು? ಅಂಥದೊಂದು ಸಂಜೆ ಕಚೇರಿಯಿಂದ ಬಂದು, ಬನಿಯನ್ನಿನಲ್ಲಿ ಕೂತು, ಕ್ರಿಕೆಟ್ಟಿಗಾಗಿ ಟೀವಿಯ ಚಾನೆಲ್ಲುಗಳನ್ನು ಒಂದೊಂದಾಗಿ ಒತ್ತುತ್ತಿದ್ದ ನನಗೆ ಫ್ರಾನ್ಸ್ ದೇಶದ ಸೂರ್ಯಕಾಂತಿಯ ಹೊಲವೊಂದು ಎದುರಾಯಿತು. ಹೊಲದ ನಡುವಿನ ರಸ್ತೆಯಲ್ಲಿ ನೂರಾರು ಮಂದಿ ಬಣ್ಣಬಣ್ಣದ ಅಂಗಿ ತೊಟ್ಟು ಸೈಕಲ್ ತುಳಿಯುತ್ತಿದ್ದರು. ಕಣ್ಣಿಗಾದರೂ ತಂಪಾಗಲಿ ಎಂದು ಅಲ್ಲೇ ಬಿಟ್ಟೆ. ಕೊನೆಗೆ ಒಬ್ಬ ಎಲ್ಲರನ್ನೂ ಹಿಂದಿಕ್ಕಿ, ಎರಡೂ ಕೈ ಮೇಲೆತ್ತಿ ಗೆರೆ ದಾಟಿದ. ನಾನೂ ಲೋಧಿ ಕಾಲೋನಿಯ ಪರವಾಗಿ ಒಂದು ಚಪ್ಪಾಳೆ ತಟ್ಟಿದೆ. ಆದರೆ ಐದು ನಿಮಿಷದ ಮೇಲೆ ವೇದಿಕೆಗೆ ಕರೆದು ಹಳದಿ ಅಂಗಿ ತೊಡಿಸಿದ್ದು ಬೇರೆ ಯಾರಿಗೋ! ಆ ಮಹಾಶಯ ಆ ದಿನ ಬಂದದ್ದು ನಲವತ್ತನೆಯವನಾಗಿ. ದುಡಿದವನೊಬ್ಬ, ಹಾರ ಬಿದ್ದದ್ದು ಇನ್ನೊಬ್ಬನ ಕೊರಳಿಗೆ ಎಂಬುದು ಇಪ್ಪತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಹೊಸ ಸಂಗತಿಯೇನಲ್ಲ. ಆದರೂ ಫ್ರಾನ್ಸಿನಲ್ಲೂ ಹೀಗೆಯೇ ಎಂದು ತಿಳಿದು ಸ್ವಲ್ಪ ಬೇಸರವಾಯಿತು.

ನನ್ನ ಅಜ್ಞಾನವನ್ನು ಕಳೆದವರು ಕೆಳಮನೆಯ ಸುಬೇದಾರ್ ಕುಟ್ಟಪ್ಪನವರು. ಕೊಡಗಿನವರು, ಸೈನ್ಯದಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಬೊಳ್ಳಮ್ಮನ ಜೊತೆಗಿದ್ದರು. ಆ ಕ್ವಾರ್ಟರ್ಸು ಅವಳ ನೌಕರಿಯದು. ನನ್ನ ಕೂಲರಿನ ನೀರು ಅವರ ಬಾಲ್ಕನಿಗೆ ಸೋರುತ್ತಿದೆಯೆಂದು ದೂರು ಹೇಳಲು ಮೆಟ್ಟಿಲು ಹತ್ತಿ ಬಂದವರು, ಟೀವಿಯತ್ತ ಕಣ್ಣು ಹೋದದ್ದೇ ದೂರು ಮರೆತು, ಚಪ್ಪಲಿ ಬಿಡುವುದನ್ನೂ ಮರೆತು, ಕುರ್ಚಿ ಎಳೆದುಕೊಂಡು ಕೂತರು.

"ಇದು ಒಂದು ರೇಸಲ್ಲ ರಾಯರೇ, ದಿನಕ್ಕೊಂದರಂತೆ ಮೂರು ವಾರ. ಕೈ ಎತ್ತಿದವನು ಇವತ್ತು ಗೆದ್ದ. ಹಳದಿ ಅಂಗಿಯವನದ್ದು ಮೊದಲ ದಿನದಿಂದ ಇವತ್ತಿನವರೆಗೆ ಕೂಡಿಸಿದ್ರೆ ಎಲ್ಲರಿಗಿಂತ ಕಮ್ಮಿ ಟೈಮು. ನಾಳೆ ಬೇರೆಯವನದು ಕಮ್ಮಿ ಆದ್ರೆ ಅಂಗಿ ಅವನಿಗೆ. ಅಷ್ಟೇ," ಎಂದರು.

ಅಂದಿನಿಂದ ಪ್ರತಿ ಸಂಜೆ ಅವರು ನಮ್ಮ ಮನೆಯಲ್ಲಿ, ನಾನು ಅವರ ಶಿಷ್ಯತ್ವದಲ್ಲಿ. ಸಮತಟ್ಟು ರಸ್ತೆಯ ಕೊನೆಯಲ್ಲಿ ಚಿಮ್ಮುವ ವೇಗಿಗಳಿಗೆ ಹಸಿರು ಅಂಗಿ, ಬೆಟ್ಟ ಹತ್ತುವ ಶೂರರಿಗೆ ಕೆಂಪು ಚುಕ್ಕೆಯ ಅಂಗಿ, ಎಳೆಯರಲ್ಲಿ ಮುಂದಿರುವವನಿಗೆ ಬಿಳಿಯದು. ಇವೆಲ್ಲದರ ಜೊತೆಗೆ ದಿನದ ಗೆಲುವು ಬೇರೆ, ಒಟ್ಟು ಪಟ್ಟಿಯ ಸ್ಥಾನ ಬೇರೆ. ನಾವು 'ಸ್ಥಾನಮಾನ' ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಸ್ಥಾನವೊಂದು, ಮಾನವೊಂದು, ಎರಡೂ ಸದಾ ಜೊತೆಯಾಗಿ ತಿರುಗುವುದಿಲ್ಲ ಎಂಬುದು ನನಗೆ ಹೊಳೆದದ್ದು ಆ ಜುಲೈನಲ್ಲಿಯೇ.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೇಂದ್ರ ಸಚಿವಾಲಯದಲ್ಲಿ ನಾನಿದ್ದ ವಿಭಾಗದ ಕೆಲಸವೆಂದರೆ ನೌಕರರ ಜ್ಯೇಷ್ಠತಾ ಪಟ್ಟಿಯನ್ನು ಸಿದ್ಧಪಡಿಸುವುದು. ಯಾರು ಯಾರಿಗಿಂತ ಹಿರಿಯರು, ಒಂದೇ ದಿನ ಸೇರಿದವರಲ್ಲಿ ಯಾರ ಹೆಸರು ಮೇಲೆ, ಯಾರ ಆಕ್ಷೇಪಣೆಗೆ ಯಾವ ಉತ್ತರ, ಇದರಲ್ಲೇ ನನ್ನ ಯೌವನ ಸವೆದಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಮನಸ್ಸಿನಲ್ಲೇ ಎಲೆಗಳಿಗೆ ಕ್ರಮಾಂಕ ಹಾಕುವ ಈ ವ್ಯಾಧಿಗ್ರಸ್ತನ ಕಣ್ಣೆದುರು ಇಷ್ಟೊಂದು ಬಗೆಯ ಗೆಲುವುಗಳು ಹೀಗೆ ಅಸ್ತವ್ಯಸ್ತವಾಗಿ ಬಿದ್ದಿರುವುದೆಂದರೇನು? ಒಂದು ಭಾನುವಾರ ಕೂತು, ಹಂತಹಂತದ ಸೈಕಲ್ ರೇಸಿನ ಸಮಸ್ತ ಸಾಧನೆಗಳ ಕರಡು ಜ್ಯೇಷ್ಠತಾ ಪಟ್ಟಿಯೊಂದನ್ನು ತಯಾರಿಸಿದೆ. ಮೊದಲನೆಯದು ಒಟ್ಟು ಗೆಲುವು. ಅದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು. ಒಟ್ಟು ಪಟ್ಟಿಯಲ್ಲಿ ಎರಡನೆಯ, ಮೂರನೆಯ ಸ್ಥಾನ, ಬೆಟ್ಟದ ಅಂಗಿ, ಹಸಿರು ಅಂಗಿ, ಹೀಗೆ ಇಳಿಯುತ್ತ ಬಂದು, ಒಟ್ಟಿನಲ್ಲಿ ಏಳನೆಯ ಸ್ಥಾನವನ್ನು ಒಂದು ದಿನದ ಗೆಲುವಿಗಿಂತ ಮೇಲೆ ಕೂರಿಸಿದ್ದೆ. ಮೂರು ವಾರ ಒಂದೂ ಕಪ್ಪುಚುಕ್ಕೆಯಿಲ್ಲದೆ ಸೇವೆ ಸಲ್ಲಿಸಿದವನು ಒಂದು ದಿನ ಆವೇಶ ಬಂದು ಓಡಿದವನಿಗಿಂತ ಹಿರಿಯನಲ್ಲವೇ?

ಕುಟ್ಟಪ್ಪನವರು ಕನ್ನಡಕ ಏರಿಸಿ ಓದಿದರು. "ಹೋದ ವರ್ಷ ಏಳನೆಯವನಾಗಿ ಬಂದವನ ಹೆಸರು ಹೇಳಿ ನೋಡೋಣ."

ನನಗೆ ತಿಳಿಯದು.

"ಯಾರಿಗೂ ತಿಳಿಯಲ್ಲ. ಒಂದು ದಿನ ಗೆದ್ದವನಿಗೆ ಅವನ ಊರಲ್ಲಿ ಸಾಯೋವರೆಗೂ ಚಹಾ ಕೊಡ್ತಾರೆ. ಮೇಲೆ ಹಾಕಿ ಅವನನ್ನ," ಎಂದು ನಗುತ್ತ ಮುಂದಕ್ಕೆ ಓದತೊಡಗಿದರು. ಹನ್ನೊಂದನೆಯ ಸಾಲಿಗೆ ಬಂದಾಗ ನಗು ನಿಂತಿತು. ಅಲ್ಲಿ ನಾನು ಬರೆದದ್ದು ಹೀಗೆ: 'ಬೇರಾವ ಗೆಲುವೂ ಇಲ್ಲದೆ ಒಂದೇ ಒಂದು ದಿನ ಹಳದಿ ಅಂಗಿ ತೊಟ್ಟವನು. ಸಾಹೇಬರು ರಜೆ ಹೋದಾಗ ಒಂದು ದಿನದ ಪ್ರಭಾರ ವಹಿಸಿಕೊಂಡ ಗುಮಾಸ್ತನಿಗೆ ಸಮಾನ. ಪ್ರಭೆ ಕಡಿಮೆ, ಭಾರವೇ ಹೆಚ್ಚು.' ಶ್ಲೇಷೆ ಚೆನ್ನಾಗಿದೆಯೆಂದು ನನಗೆ ನಾನೇ ಬೆನ್ನು ತಟ್ಟಿಕೊಂಡ ಸಾಲು ಅದು. ಅವರು ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕೈಗಿತ್ತು, "ಅಚ್ಛಾ, ಬರ್ತೀನಿ," ಎಂದು ಎದ್ದರು. ಟೀವಿಯಲ್ಲಿ ಆಗಿನ್ನೂ ಬೆಟ್ಟ ಅರ್ಧ ಉಳಿದಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ಹೊರಟಾಗ ಬೊಳ್ಳಮ್ಮ ಮೆಟ್ಟಿಲ ಬಳಿ ತಡೆದಳು. ದಂಡುಪ್ರದೇಶಗಳಲ್ಲಿ ಬೆಳೆದವಳು, ಅವಳ ಕನ್ನಡದ ಒಳಗೆ ಹಿಂದಿ ಮನೆಮಾಡಿತ್ತು.

"ಅಂಕಲ್, ನೆನ್ನೆ ಪಪ್ಪಾಗೆ ಏನು ಹೇಳಿದ್ರಿ? ಊಟಾನೂ ಮಾಡ್ಲಿಲ್ಲ. ಬಸ್, ಚುಪ್‌ಚಾಪ್ ಕೂತಿದ್ರು."

ಜೇಬಿನಲ್ಲಿದ್ದ ಪಟ್ಟಿಯನ್ನೇ ತೆಗೆದು ತೋರಿಸಿದೆ. ಓದುತ್ತ ಅವಳ ಬೆರಳು ಹನ್ನೊಂದರ ಮೇಲೆ ನಿಂತಿತು. "ಅಯ್ಯೋ ಅಂಕಲ್! ಇದು ಪಪ್ಪಾನೇ!"

ಬಸ್‌ಸ್ಟಾಪಿನ ತನಕ ಜೊತೆಗೆ ಬಂದು, ಬಸ್ಸು ಬರುವವರೆಗೆ ನಿಂತು ಅವಳು ಹೇಳಿದ ಕಥೆ ಇಷ್ಟು. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಕುಟ್ಟಪ್ಪನವರು ಸೈನ್ಯದ ಸೈಕಲ್ ತಂಡದಲ್ಲಿದ್ದರು. ದಿಲ್ಲಿಯಿಂದ ಹೊರಟು ಪಂಜಾಬನ್ನು ಸುತ್ತಿ ಬರುವ ಐದು ದಿನಗಳ ರೇಸೊಂದರಲ್ಲಿ ಎರಡನೆಯ ದಿನ ಇನ್ನೊಬ್ಬನ ಜೊತೆ ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಹೋದರು. ಗೆರೆಯ ಬಳಿ ಇವರು ಎರಡನೆಯವರಾದರೂ ಒಟ್ಟು ಹೊತ್ತಿನ ಲೆಕ್ಕದಲ್ಲಿ ಮೊದಲಿಗರಾಗಿ, ಹಳದಿ ಉಣ್ಣೆಯ ಅಂಗಿ ಇವರ ಪಾಲಾಯಿತು. ಇಡೀ ರೇಸಿಗೆ ಇದ್ದದ್ದು ಒಂದೇ ಅಂಗಿ. ಇವರ ಕುಳ್ಳ ದೇಹದ ಮೇಲೆ ಮೊಣಕಾಲಿನ ತನಕ ಜೋತುಬಿದ್ದಿತ್ತಂತೆ. ಮೂರನೆಯ ದಿನ ಅದನ್ನು ತೊಟ್ಟು ಹೊರಟರು. ನಡುದಾರಿಯಲ್ಲಿ ತಂಡದ ನಾಯಕ ಹರಬನ್ಸ್ ಸಿಂಗರ ಮುಂದಿನ ಗಾಲಿ ಗುಂಡಿಗೆ ಬಿದ್ದು ಡೊಂಕಾಯಿತು. ನಾಯಕನನ್ನು ಗೆಲ್ಲಿಸುವುದೇ ತಂಡದ ಕೆಲಸ. ಕುಟ್ಟಪ್ಪನವರು ತಮ್ಮ ಗಾಲಿ ಬಿಚ್ಚಿ ಕೊಟ್ಟು, ಹಳದಿ ಅಂಗಿಯಲ್ಲೇ ರಸ್ತೆಬದಿಯ ಬೇವಿನ ಮರದಡಿ ಒಂದು ಗಂಟೆ ಜೀಪಿಗಾಗಿ ಕಾದರು. ಸಂಜೆ ಅಂಗಿಯನ್ನು ಒಗೆದು, ಒಟ್ಟು ಲೆಕ್ಕದಲ್ಲಿ ಈಗ ಮುಂದಿದ್ದ ಬೇರೆ ತಂಡದವನಿಗೆ ಒಪ್ಪಿಸಿದರು. ಕೊನೆಯ ದಿನ ಹರಬನ್ಸ್ ಸಿಂಗ್ ಒಟ್ಟು ಗೆದ್ದು ಅಂಗಿಯನ್ನು ಮನೆಗೊಯ್ದರು. ಫೋಟೋದವನು ಬಂದಿದ್ದು ಮೊದಲ ದಿನ ಮತ್ತು ಕೊನೆಯ ದಿನ ಮಾತ್ರ.

ಆ ಸಂಜೆ ನಾನೇ ಮೆಟ್ಟಿಲಿಳಿದು ಹೋದೆ. ಕ್ಷಮೆ ಕೇಳುವುದರಲ್ಲಿ ನನಗೆ ಅಭ್ಯಾಸ ಸಾಲದು; ಕಚೇರಿಯಲ್ಲಿ ನಾವು 'ತಿದ್ದೋಲೆ' ಹೊರಡಿಸುತ್ತೇವೆಯೇ ಹೊರತು ಕ್ಷಮೆ ಕೇಳುವುದಿಲ್ಲ. ಏನೋ ತೊದಲಿದೆ.

"ಪಟ್ಟಿ ಸರಿಯಾಗೇ ಇದೆ ರಾಯರೇ," ಎಂದರು ಕುಟ್ಟಪ್ಪನವರು. "ಒಂದು ದಿನ ಅಂದ್ರೆ ಒಂದೇ ದಿನ. ಆದ್ರೆ ಆವತ್ತು ರಸ್ತೆ ಪಕ್ಕದ ಜನರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಅಂಗಿ ನೋಡಿ 'ಪೀಲಾ, ಪೀಲಾ' ಅಂತ, ಹಳದಿ ಹಳದಿ ಅಂತ ಕೂಗ್ತಿದ್ರು. ಹೊಲದಿಂದ ಓಡಿ ಬಂದು ಕೂಗ್ತಿದ್ರು. ಅದು ಇನ್ನೂ ಕೇಳಿಸ್ತದೆ." ಆಮೇಲೆ, "ಆ ಅಂಗೀನ ಒಂದ್ಸಲ ಮುಟ್ಟಿ ನೋಡ್ಬೇಕು ಅಂತ ಆಸೆ," ಎಂದರು.

ಹರಬನ್ಸ್ ಸಿಂಗ್ ಘಾಜಿಯಾಬಾದಿನಲ್ಲಿ ನೆಲೆಸಿರುವುದು ಅವರಿಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ವಿಳಾಸವೂ ಇತ್ತು. ಹೋಗಿರಲಿಲ್ಲ. "ಮೂವತ್ತೈದು ವರ್ಷದ ಮೇಲೆ ಹೋಗಿ ಏನಂತ ಕೇಳಲಿ? ಅಂಗಿ ತೋರ್ಸು ಅನ್ಲಾ?"

"ನೀವು ಕೇಳಬೇಡಿ, ನಾನು ಕೇಳ್ತೀನಿ," ಎಂದುಬಿಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ನಿಜಾಮುದ್ದೀನಿನಲ್ಲಿ ಲೋಕಲ್ ಟ್ರೇನು ಹಿಡಿದೆವು. ದಿಲ್ಲಿಯ ರಸ್ತೆಗಳನ್ನು ಅಗೆಯುತ್ತಿದ್ದ ಮೆಟ್ರೋ ಆಗಿನ್ನೂ ಘಾಜಿಯಾಬಾದಿನ ಹೆಸರನ್ನು ಕೇಳಿರಲಿಲ್ಲ. ಕುಟ್ಟಪ್ಪನವರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಆ ಸೆಕೆಯಲ್ಲೂ ಗುಂಡಿ ಬಿಚ್ಚದೆ, ಪೆರೇಡಿಗೆ ಹೊರಟವರಂತೆ ನೆಟ್ಟಗೆ ಕೂತಿದ್ದರು. ಕೈಯಲ್ಲಿ ಕೊಡಗಿನ ಜೇನಿನ ಬಾಟಲಿ. ಸ್ಟೇಷನ್ನಿನಿಂದ ರಿಕ್ಷಾ ಮಾಡಿಕೊಂಡು, ಕಾರ್ಖಾನೆಯ ಗೋಡೆಗಳನ್ನು ಬಳಸಿ, ಎರಡಂತಸ್ತಿನ ಮನೆಯೊಂದರ ಮುಂದೆ ಇಳಿದೆವು. ಬಾಗಿಲು ತೆರೆದವರು ಹರಬನ್ಸ್ ಸಿಂಗರ ಹೆಂಡತಿ ಸತ್ವಂತ್ ಕೌರ್. ಇವರು ಹೆಸರು ಹೇಳಿದ್ದೇ ತಡ, ಆಕೆ ಒಳಗೆ ತಿರುಗಿ ಕೂಗಿದರು.

"ಅಜೀ ಸುನ್ತೇ ಹೋ? ಪಹಿಯೇವಾಲೇ ಭಾಯೀಸಾಬ್ ಆಯೇ ಹೈಂ!"

ಗಾಲಿಯಣ್ಣ ಬಂದಿದ್ದಾರೆ ಎಂದು! ಮದುವೆಯಾಗಿ ಬಂದ ವಾರದಲ್ಲೇ ಗಂಡ ತನಗೆ ಹೇಳಿದ ಮೊದಲ ಕಥೆಯೇ ಆ ಗಾಲಿಯದು, ಮಕ್ಕಳಿಗೂ ಅದನ್ನೇ ಹೇಳಿ ಬೆಳೆಸಿದ್ದೇವೆ ಎಂದು ಆಕೆ ನಮ್ಮನ್ನು ಕೂರಿಸುತ್ತ ವಿವರಿಸಿದರು. ಕುಟ್ಟಪ್ಪನವರ ಮುಖದಲ್ಲಿ ಹರ್ಷ ಮೂಡಿತು. ಅದರ ಅಂಚಿನಲ್ಲೇ ಸಣ್ಣದೊಂದು ನಿರಾಸೆಯನ್ನೂ ಕಂಡೆ. ಹಳದಿ ಅಂಗಿಯ ಮಾತನ್ನು ಆಕೆ ಎತ್ತಲೇ ಇಲ್ಲ.

ಹರಬನ್ಸ್ ಸಿಂಗ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಲಕ್ವ ಹೊಡೆದು ಬಲಭಾಗ ಸೋತಿತ್ತು, ಮಾತು ನಿಧಾನ. ಕುಟ್ಟಪ್ಪನವರ ಕೈಯನ್ನು ಎಡಗೈಯಲ್ಲಿ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ರೇಸಿನಲ್ಲಿ ಗೆದ್ದ ಟ್ರೋಫಿ ಫ್ರಿಜ್ಜಿನ ಮೇಲೆ ಪ್ಲಾಸ್ಟಿಕ್ ಹೂಗಳನ್ನು ಹೊತ್ತು ನಿಂತಿತ್ತು. ನಾನು ಅದನ್ನು ಹೊಗಳಿದೆ. ಅವರು ತಲೆಯಾಡಿಸಿ, ಹಿಂದಿಯಲ್ಲಿ, ಒಂದೊಂದೇ ಶಬ್ದವನ್ನು ಹುಡುಕಿ ತೆಗೆಯುತ್ತ ಹೇಳಿದರು: ಐದು ದಿನಗಳಲ್ಲಿ ಒಂದು ದಿನವೂ ನಾನು ಮೊದಲು ಬರಲಿಲ್ಲ. ಎರಡನೆಯವ, ನಾಲ್ಕನೆಯವ, ಮೂರನೆಯವ. ಗೆದ್ದೆ ಎಂದು ಗೊತ್ತಾದದ್ದು ಅಧಿಕಾರಿಗಳು ಕಾಗದ ನೋಡಿ ಹೇಳಿದಾಗ. ಆಗ ಸೈಕಲ್ಲಿನಿಂದ ಇಳಿದಾಗಿತ್ತು.

"ಕುಟ್ಟಪ್ಪಾ, ಬಸ್ ಏಕ್ ಬಾರ್, ಐಸೇ," ಒಂದೇ ಒಂದು ಸಲ ಹೀಗೆ ಎಂದು, ಗೆರೆ ದಾಟುವವರು ಎತ್ತುವ ಹಾಗೆ ಕೈ ಎತ್ತಲು ಹೋದರು. ಎಡಗೈ ಮೇಲೇರಿತು. ಬಲಗೈ ತೊಡೆಯ ಮೇಲೆಯೇ ಉಳಿಯಿತು.

ಕೊಟ್ಟ ಮಾತಿನಂತೆ ನಾನೇ ಗಂಟಲು ಸರಿಮಾಡಿಕೊಂಡು, ಆ ಹಳದಿ ಅಂಗಿ ಇದೆಯೇ, ನೋಡಬಹುದೇ ಎಂದು ಕೇಳಿದೆ. ಸತ್ವಂತ್ ಕೌರ್ ಗಂಡನ ಮುಖ ನೋಡಿದರು, ಆಮೇಲೆ ಕುಟ್ಟಪ್ಪನವರ ಮುಖ.

"ಅದನ್ನು ನಾನು ಬಿಚ್ಚಿಬಿಟ್ಟೆ ಭಾಯೀಸಾಬ್," ಎಂದರು ಹಿಂದಿಯಲ್ಲಿ, ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ. ದೊಡ್ಡ ಮಗ ಹುಟ್ಟಿದ ವರ್ಷ ಪಠಾಣ್‌ಕೋಟಿನಲ್ಲಿ ಭಯಂಕರ ಚಳಿ, ಇವರು ಗಡಿಯಲ್ಲಿದ್ದರು, ಮನೆಯಲ್ಲಿದ್ದ ಒಳ್ಳೆಯ ಉಣ್ಣೆ ಅದೊಂದೇ. ಎಳೆ ಬಿಚ್ಚಿ, ಬಿಸಿನೀರಲ್ಲಿ ಅದ್ದಿ, ಮಗುವಿಗೆ ಸ್ವೆಟರ್ ಹೆಣೆದೆ.

ಮೂವತ್ತೈದು ವರ್ಷ ಒಂದು ಅಂಗಿಗಾಗಿ ಹಂಬಲಿಸಿದವರು ಈಗ ಏನು ಹೇಳಿಯಾರೆಂದು ನಾನು ಅವರತ್ತ ತಿರುಗಿದೆ. ಕುಟ್ಟಪ್ಪನವರು ಜೇನಿನ ಬಾಟಲಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದರು.

"ಗರಮ್ ಥಾ?"

ಬೆಚ್ಚಗಿತ್ತೇ?

"ಬಹುತ್ ಗರಮ್," ಎಂದರು ಆಕೆ. "ಮೂರು ಚಳಿಗಾಲ ಹಾಕಿಕೊಂಡ."

ಮರಳುವ ಟ್ರೇನಿನಲ್ಲಿ ಅವರು ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ಮೂರು ಚಳಿಗಾಲ ರಾಯರೇ. ನಾನು ಹಾಕಿದ್ದು ಒಂದೇ ದಿನ," ಎಂದು ನಕ್ಕರು. ನಗು ಯಮುನೆಯ ಸೇತುವೆಯ ತನಕವೂ ಉಳಿಯಲಿಲ್ಲ. ಕಿಟಕಿಯಾಚೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಆದ್ರೂ ಒಂದ್ಸಲ ನೋಡ್ಬೇಕಿತ್ತು," ಎಂದರು. ನಾನೂ ಆಚೆ ನೋಡಿದೆ. ಸಮಾಧಾನದ ಮಾತು ಹೇಳಲು ಬಾಯಿ ತೆರೆದು ಮುಚ್ಚಿಕೊಂಡದ್ದು ಆ ದಿನ ನಾನು ಮಾಡಿದ ಒಂದೇ ಜಾಣತನ. ಒಂದನ್ನು ಪಡೆದವನಿಗೆ ಇನ್ನೊಂದರ ಹಂಬಲ. ಎಲ್ಲವನ್ನೂ ಕೂಡಿಸಿ ಗೆದ್ದವನಿಗೂ ಒಂದು ದಿನದ ಕೊರತೆ. ಇದಕ್ಕೆ ಕ್ರಮಾಂಕ ಹಾಕುವ ಶಕ್ತಿ ನನ್ನ ವಿಭಾಗಕ್ಕಿರಲಿಲ್ಲ.

ಮರುವರ್ಷ ಜುಲೈ ಬಂತು. ಸುಬೇದಾರರು ಮತ್ತೆ ಮೇಲೆ ಬಂದರು. ಈ ಸಲ ಚಪ್ಪಲಿ ಬಿಟ್ಟು ಬಂದರು. ಮೊದಲ ವಾರದಲ್ಲಿ ಯಾರೂ ನಿರೀಕ್ಷಿಸದ ಹುಡುಗನೊಬ್ಬ ಹಳದಿ ಅಂಗಿ ತೊಟ್ಟ. ಮರುದಿನ ಬೆಟ್ಟದ ಬುಡದಲ್ಲೇ ಸೋತು ಹಿಂದೆ ಬಿದ್ದ, ಸಂಜೆಗೆ ಅಂಗಿ ಬೇರೆಯವನದಾಯಿತು. ಅದರ ಮರುದಿನ ಕ್ಯಾಮೆರಾ ಹೊಸ ಹಳದಿ ಅಂಗಿಯವನ ಬೆನ್ನು ಬಿಡಲೇ ಇಲ್ಲ. ಅವನು ನೀರು ಕುಡಿದದ್ದು, ಕನ್ನಡಕ ಒರೆಸಿದ್ದು, ಎಲ್ಲವನ್ನೂ ತೋರಿಸಿತು. ಕುಟ್ಟಪ್ಪನವರು ಕುರ್ಚಿಯನ್ನು ಟೀವಿಯ ತೀರ ಹತ್ತಿರಕ್ಕೆ ಎಳೆದುಕೊಂಡು, ಗುಂಪಿನ ಬಾಲದ ಕಡೆ ಕಣ್ಣು ನೆಟ್ಟರು. ಯಾರನ್ನು ಹುಡುಕುತ್ತಿದ್ದಾರೆಂದು ಕೇಳಬೇಕಾಗಿರಲಿಲ್ಲ. ನನಗೂ ಅವನದೇ ಚಿಂತೆಯಾಗಿತ್ತು. ನಾನೂ ನೆಲದ ಮೇಲೆ ಕೂತು ಮುಂದಕ್ಕೆ ಬಾಗಿದೆ. ಸೂರ್ಯಕಾಂತಿಗಳು ಸರಿದವು, ಚರ್ಚಿನ ಗೋಪುರವೊಂದು ಸರಿಯಿತು, ಗುಂಪು ತಿರುವಿನಲ್ಲಿ ಎಳೆಎಳೆಯಾಗಿ ಹಿಗ್ಗಿತು.

"ಅಗೋ!" ಎಂದರು ಕುಟ್ಟಪ್ಪನವರು.

ತಂಡದ ಮಾಮೂಲಿ ನೀಲಿ ಅಂಗಿಯಲ್ಲಿ, ತಲೆ ತಗ್ಗಿಸಿಕೊಂಡು, ಎಲ್ಲರ ಹಿಂದೆ ಆ ಹುಡುಗ ತುಳಿಯುತ್ತಿದ್ದ. ಅರೆಕ್ಷಣವಷ್ಟೇ ಕಂಡ. ನಾವಿಬ್ಬರೂ ಅವನಿಗಾಗಿ ಚಪ್ಪಾಳೆ ತಟ್ಟಿದೆವು.