ಚೆಮಾನ ಬೇಕರಿಯ ಕೊಸರು

ಮೆಲಾನಿಯೊ ಪೆಗೆರೊನ ಹತ್ತಿರ ದಾರಿ ಕೇಳಿದವರು ಕೆಟ್ಟರು ಅಂತಲೇ ಲೆಕ್ಕ. "ನೇರ ಹೋಗಿ, ಟಾಕೀಸು ಸಿಗುತ್ತೆ. ಅಲ್ಲಿ ಎಡಕ್ಕೆ ತಿರುಗಿ, ಬಾದಾಮಿ ಮರ ದಾಟಿ, ಚೆಮಾನ ಬೇಕರಿ ಎದುರಿಗೇ ನಿಂತ್ಕೊಳಿ, ಅದೇ ಮನೆ" ಅನ್ನುತ್ತಾನೆ. ಪಾಪ, ಕೇಳಿದವರು ಬಿಸಿಲಲ್ಲಿ ಬೀದಿ ಬೀದಿ ಅಲೆಯುತ್ತಾರೆ. ಬಾದಾಮಿ ಮರ ಯಾವುದೋ ಚಂಡಮಾರುತಕ್ಕೆ ಬುಡಸಮೇತ ಉರುಳಿ ಎಷ್ಟೋ ಕಾಲವಾಯಿತು. ಟಾಕೀಸು ಕ್ಷೌರದಂಗಡಿಯಾಗಿದೆ. ಚೆಮಾನ ಬೇಕರಿಯಲ್ಲಿ ಈಗ ಪ್ರವಾಸಿಗಳಿಗೆ ಹುಲ್ಲಿನ ಟೋಪಿ ಮಾರುತ್ತಾರೆ.

ಹಾಗಂತ ಅವನೊಬ್ಬನನ್ನೇ ಬೈದು ಏನು ಬಂತು? ಸಾಂತೊ ದೊಮಿಂಗೊದ ಹಳೇ ಪೇಟೆಯಲ್ಲಿ ಹುಟ್ಟಿದ ನಾವೆಲ್ಲ ಹೀಗೇ. ಮದುವೆಗೆ ಕರೆಯುವಾಗಲೂ "ಟಾಕೀಸಿನ ಪಕ್ಕ" ಅನ್ನುತ್ತೇವೆ, ಸಾವಿನ ಸುದ್ದಿ ಹೇಳುವಾಗಲೂ "ಬೇಕರಿ ಮೂಲೆಯ ಮುದುಕ ಹೋದ" ಅನ್ನುತ್ತೇವೆ. ಪಾದ್ರಿಗೂ ತಿಳಿಯುತ್ತದೆ, ಮೀನು ಮಾರುವವನಿಗೂ ತಿಳಿಯುತ್ತದೆ. ಬಿದ್ದುಹೋದದ್ದರ ಹೆಸರನ್ನೂ ಬಿಟ್ಟುಬಿಟ್ಟರೆ ಅದು ಎರಡನೇ ಸಲ ಬಿದ್ದಹಾಗಲ್ಲವೇ? ತಿಳಿಯದಿದ್ದರೆ ಅದು ಹೊರಗಿನವರ ಕರ್ಮ.

ಇಂಥ ಮನುಷ್ಯನ ಕಸುಬೇನು ಅಂದರೆ, ಊರು ತೋರಿಸುವುದು! ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹರಿದ ಕರಿ ಕೊಡೆ ಹಿಡಿದು, ದೊಡ್ಡ ಇಗರ್ಜಿಯ ಮುಂದಿನ ಚೌಕದಲ್ಲಿ ಪಾರಿವಾಳಗಳ ನಡುವೆ ನಿಲ್ಲುತ್ತಿದ್ದ. ಜನ ಸೇರಿದ ಮೇಲೆ ಹೊರಟರೆ ಸಂಜೆಯವರೆಗೆ ನಡಿಗೆಯೇ ನಡಿಗೆ. ಕೋಟೆ, ಅರಮನೆ, ಕೊಲಂಬಸನ ಮಗನ ಕಾಲದ ಗೋಡೆ, ಎಲ್ಲವನ್ನೂ ಸಾಲ ತೀರಿಸುವವನಂತೆ ಗಡಗಡ ಹೇಳಿ ಮುಗಿಸುತ್ತಿದ್ದ. ಅದೇ ಯಾವುದೋ ಮುಚ್ಚಿದ ಬಾಗಿಲ ಮುಂದೆ ನಿಂತನೆಂದರೆ ಮುಗಿಯಿತು. "ಇಲ್ಲಿ ಒಬ್ಬ ದರ್ಜಿ ಇದ್ದ. ಎರಡೂ ಕಾಲಿನ ಅಳತೆ ಬೇರೆ ಬೇರೆ ತಗೋತಿದ್ದ. ಮನುಷ್ಯ ಅಂದ್ಮೇಲೆ ಎರಡು ಕಾಲೂ ಒಂದೇ ಥರ ಇರುತ್ತಾ, ನೀವೇ ಹೇಳಿ" ಎಂದು ಶುರುಮಾಡಿದರೆ, ಅರಮನೆಗೆ ಕೊಡದ ಹೊತ್ತನ್ನೆಲ್ಲ ಆ ದರ್ಜಿಗೆ ಕೊಡುತ್ತಿದ್ದ. ಬಾಡಿಗೆ ಏರಿ, ಅವನೇ ಈ ಪೇಟೆ ಬಿಟ್ಟು ಹೊಳೆಯಾಚೆಗೆ ಮನೆ ಮಾಡಿಕೊಂಡಿದ್ದ. ಆದರೂ "ನಮ್ಮ ಬೀದಿ" ಅಂದರೆ ಇದೇ.

ಅವನ ನಡಿಗೆಯಲ್ಲಿ ದಿನವೂ ತಪ್ಪದ ಒಂದು ನಿಲುಗಡೆಯಿತ್ತು. ಅದು ಲುದೊವಿನಾಳ ಕಿಟಕಿ. ಹಿರಿಯ ಹೆಂಗಸಾದ್ದರಿಂದ ಅವಳು ಬೀದಿಗೆಲ್ಲ ದೋನ್ಯಾ.

ಲುದೊವಿನಾ ಒಂದು ಕಾಲದಲ್ಲಿ ಬೀದಿಯ ಹುಡುಗರಿಗೆಲ್ಲ ಮೊದಲ ಪರಮಪ್ರಸಾದದ ಬಿಳಿ ಬಟ್ಟೆ ಹೊಲಿದವಳು, ಮೆಲಾನಿಯೊನಿಗೂ ಹೊಲಿದವಳು. ಸಕ್ಕರೆ ಕಾಯಿಲೆಗೆ ಕಣ್ಣು ಹೋಯಿತು, ಆಮೇಲೆ ಮಂಡಿಯೂ ಕೈಕೊಟ್ಟಿತು. ಅಂದಿನಿಂದ ಕಿಟಕಿಯ ಸರಳುಗಳ ಹಿಂದೆ ತೂಗುಕುರ್ಚಿಯಲ್ಲಿ ಕೂತದ್ದೇ. ಕೋಲು ಹಿಡಿದು ಬೀದಿಗಿಳಿಯಲು ಅವಳ ಜಂಬ ಬಿಡಬೇಕಲ್ಲ! ಮೆಲಾನಿಯೊ ಬಂದು ಸರಳಿನ ನಡುವೆ ಕಾಗದದ ಪೊಟ್ಟಣ ತೂರಿಸಿ, "ದೋನ್ಯಾ, ಚೆಮಾ ಕಳಿಸಿದಾನೆ" ಅನ್ನುತ್ತಿದ್ದ. ಅವಳು ಮೊದಲು ಪೊಟ್ಟಣಕ್ಕೆ ಕೈ ಹಾಕಿ ಬ್ರೆಡ್ಡಿನ ಕೆಳಗೆ ಹುಡುಕುತ್ತಿದ್ದಳು. ಅಲ್ಲಿ ಒಂದು ಪುಟಾಣಿ ಬನ್ನು ಇರಬೇಕು. ಚೆಮಾ ಯಾರಿಗೂ ಕೊಸರಿಲ್ಲದೆ ಬ್ರೆಡ್ಡು ಕೊಟ್ಟವನಲ್ಲ. ಬೀದಿಯ ಮಕ್ಕಳೆಲ್ಲ ಆ ಕೊಸರು ತಿಂದೇ ಬೆಳೆದದ್ದು.

ಚೆಮಾ ಸತ್ತುಹೋಗಿದ್ದ. ಲುದೊವಿನಾಳ ಕಣ್ಣು ಪೂರ್ತಿ ಹೋಗಿ ಅವಳು ಆಸ್ಪತ್ರೆಯಲ್ಲಿದ್ದ ಆ ಮಳೆಗಾಲದಲ್ಲೇ ಒಂದು ಮಧ್ಯಾಹ್ನ ಒಲೆಯ ಮುಂದೆ ಕುಸಿದುಬಿದ್ದ. ಬೇಕರಿಗೆ ಬೀಗ ಬಿತ್ತು. ಅವಳು ಮನೆಗೆ ಬಂದ ದಿನ ಬೆಳಗ್ಗೆ, "ಯಾಕೋ ಬ್ರೆಡ್ಡಿನ ವಾಸನೇನೇ ಬರ್ತಿಲ್ಲವಲ್ಲೋ" ಎಂದು ಕೇಳಿದಳು. ಮೆಲಾನಿಯೊ ಬಾಯಿ ತೆರೆಯುವಷ್ಟರಲ್ಲಿ, "ಕಣ್ಣಂತೂ ಹೋಯ್ತು, ಇನ್ನು ಮೂಗೂ ಹೋಯ್ತೇನೋ" ಎಂದು ಅತ್ತುಬಿಟ್ಟಳು. "ಅಯ್ಯೋ, ಮೂಗಿಗೇನಾಗಿದೆ? ಗಾಳಿ ಹೊಳೆ ಕಡೆಯಿಂದ ಬೀಸ್ತಿದೆ, ಅದಕ್ಕೆ. ನಾಳೆ ನಾನೇ ತಂದ್ಕೊಡ್ತೀನಿ" ಅಂದ. ಮರುದಿನ ಹೊಳೆಯಾಚೆಯ ಯಾವುದೋ ಅಂಗಡಿಯಿಂದ ಬ್ರೆಡ್ಡು ತಂದ, ಕೊಸರಿಗೊಂದು ಬನ್ನನ್ನೂ ಹಾಕಿಸಿ ತಂದ. ಆಮೇಲೆ ಗಾಳಿ ವರ್ಷಗಟ್ಟಲೆ ಹೊಳೆ ಕಡೆಯಿಂದಲೇ ಬೀಸಿತು.

ಸುಳ್ಳು ಉಳಿದುಕೊಂಡಿತು, ಯಾಕೆಂದರೆ ಬೀದಿಯೇ ಅದಕ್ಕೆ ಹೂಂ ಹಾಕುತ್ತಿತ್ತು. ಕಿಟಕಿಯ ಕೆಳಗೆ ಹೋಗುವವರೆಲ್ಲ "ಬೇಕರಿ ಹತ್ರ ಕಾಯ್ತಿರು", "ಟಾಕೀಸಿನ ಮುಂದೆ ಸಿಗ್ತೀನಿ" ಅಂತಲೇ ಕೂಗುತ್ತಿದ್ದರು. ಕುರುಡಿಗೆ ಇನ್ನೇನು ಸಾಕ್ಷಿ ಬೇಕು? ಪ್ರವಾಸಿಗಳಿಗೆ ಪುಟ್ಟ ಬಟ್ಟಲಲ್ಲಿ ಕಾಫಿ ಕೊಡಿಸಿ, "ಆ ಮೂಲೆ ನೋಡಿ, ಚೆಮಾನ ಬೇಕರಿ" ಎಂದು ಬೆರಳು ತೋರಿಸುತ್ತಿದ್ದಳು. ಅವರು ನೋಡಿದರೆ ಟೋಪಿ ತೂಗುತ್ತಿರುತ್ತಿತ್ತು. ಮೆಲಾನಿಯೊ ಕಣ್ಣು ಹೊಡೆದು ಮುಂದಕ್ಕೆ ದೂಡಿಕೊಂಡು ಹೋಗುತ್ತಿದ್ದ.

ಒಪ್ಪದವಳು ಒಬ್ಬಳೇ, ಲುದೊವಿನಾಳ ತಂಗಿಯ ಮಗಳು ಯೊಕಾಸ್ತಾ. ಊರಿನ ಹೊಸ ಬಡಾವಣೆಯಲ್ಲಿ ಹತ್ತನೇ ಮಹಡಿಯಲ್ಲಿ ಮನೆ ಮಾಡಿ, ದೊಡ್ಡಮ್ಮನಿಗೆಂದು ಒಂದು ಕೋಣೆಯನ್ನೂ ಇಟ್ಟುಕೊಂಡು, ವರ್ಷ ವರ್ಷವೂ ಕರೆಯುತ್ತಿದ್ದಳು. ಒಂದು ಸಲ ರೇಗಿ, "ಅಲ್ಲಿ ಏನಿದೆ ಮಣ್ಣು? ಬೇಕರಿ ಮುಚ್ಚಿ ಯಾವ ಕಾಲವಾಯ್ತು!" ಅಂದಿದ್ದಳು. ಲುದೊವಿನಾ ಮೆಲಾನಿಯೊನ ಮುಂದೆ ನಕ್ಕಿದ್ದಳು. "ನೋಡೋ, ನನ್ನನ್ನ ಇಲ್ಲಿಂದ ಕೀಳೋಕೆ ಎಂಥಾ ಸುಳ್ಳು ಹೆಣೀತಾಳೆ." ಮೆಲಾನಿಯೊನೂ ನಕ್ಕಿದ್ದ.

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಮನೆಮನೆಯಲ್ಲೂ ಸಿಹಿ ಅವರೆಕಾಳಿನ ಪಾಯಸ ಬೇಯುತ್ತಿದ್ದ ಒಂದು ಬೆಳಗ್ಗೆ, ಮೆಲಾನಿಯೊ ಸ್ಪೇನಿನಿಂದ ಬಂದ ಒಂದಷ್ಟು ಜನರನ್ನು ಕಟ್ಟಿಕೊಂಡು ಕಿಟಕಿಗೆ ಬಂದರೆ, ಬಾಗಿಲು ತೆರೆದಿದೆ, ಯೊಕಾಸ್ತಾ ಕೈಕಟ್ಟಿ ನಿಂತಿದ್ದಾಳೆ. ಲುದೊವಿನಾ ಹಬ್ಬದ ನೀಲಿ ಲಂಗ ಉಟ್ಟು, ಕೋಲು ಹಿಡಿದು ಹೊಸ್ತಿಲಲ್ಲಿದ್ದಾಳೆ.

"ಬಾರೋ ಮಗನೇ. ಇವಳಿಗೂ ನನಗೂ ಪಂಥ. ಬೇಕರಿ ಇದ್ರೆ ಇವಳು ಇನ್ನು ಬಾಯಿಬಿಡೋ ಹಾಗಿಲ್ಲ. ಇಲ್ದಿದ್ರೆ ಈ ಭಾನುವಾರವೇ ಗಂಟು ಕಟ್ಟಿ ಇವಳ ಹಿಂದೆ ಹೋಗ್ತೀನಿ. ಇವತ್ತು ನಿನ್ನ ಪ್ರವಾಸಿಗಳ ಜೊತೆ ನಾನೂ ಒಬ್ಬಳು."

ಮೆಲಾನಿಯೊ ಹರಿದ ಕೊಡೆಯನ್ನು ಹೊಸ್ತಿಲಿಗೆ ಅಡ್ಡ ಹಿಡಿದ. "ಈ ಬಿಸಿಲಲ್ಲಿ, ಆ ಮಂಡಿ ಇಟ್ಕೊಂಡು..."

"ಮಂಡಿ ನನ್ನದು, ನಿನಗ್ಯಾಕೋ ನೋವು?"

"ನಾನು ಬರಲ್ಲಪ್ಪ" ಎಂದಳು ಯೊಕಾಸ್ತಾ. "ಬಂದ್ರೆ ಆಮೇಲೆ ನಾನೇ ಏನೋ ಮಾಟ ಮಾಡ್ದೆ ಅಂತೀರಿ. ನೀನೇ ಕರ್ಕೊಂಡು ಹೋಗು ಮೆಲಾನಿಯೊ. ನೀನು ಗೈಡಲ್ವಾ?" ಅವಳ ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ.

ಲುದೊವಿನಾಳ ಕೈ ತನ್ನ ತೋಳಿನ ಮೇಲೆ ಬಿದ್ದಾಗ ಮೆಲಾನಿಯೊನಿಗೆ ಓಡಿಹೋಗುವಷ್ಟು ಭಯವಾಯಿತು. ಇವಳೂ ಹೋದರೆ, ಎರಡು ಕಾಲಿಗೂ ಬೇರೆ ಬೇರೆ ಅಳತೆ ತೆಗೆಯುತ್ತಿದ್ದ ದರ್ಜಿಯ ಹೆಸರು ಹೇಳಿದರೆ ತಲೆಯಾಡಿಸುವವರು ಈ ಬೀದಿಯಲ್ಲಿ ಇನ್ಯಾರು?

ಮೊದಲು ಟಾಕೀಸು ಬಂತು. ಕ್ಷೌರದಂಗಡಿಯ ತಾವಿತೊ ಸಿಳ್ಳೆ ಹಾಕುತ್ತ ಬಾಗಿಲಲ್ಲೇ ನಿಂತಿದ್ದ. ಮೆಲಾನಿಯೊ ದೂರದಿಂದಲೇ ಕೈಸನ್ನೆ ಮಾಡಿದ.

"ಯಾರು, ತಾವಿತೊನಾ? ಯಾವ ಆಟ ಹಾಕಿದ್ದಾರೋ ಇವತ್ತು?"

"ಮೆಕ್ಸಿಕೋದ್ದು ದೋನ್ಯಾ! ಬರೀ ಹಾಡು, ಬರೀ ಕುದುರೆ!" ತಾವಿತೊ ಕತ್ತರಿ ಹಿಡಿದೇ ಕೂಗಿದ. "ಸಂಜೆ ಬನ್ನಿ, ಒಳ್ಳೇ ಜಾಗ ಹಿಡಿದಿಡ್ತೀನಿ."

"ಹೋಗೋ ಪೋಲಿ. ಟಿಕೆಟ್ಟಿಲ್ಲದೆ ನುಗ್ಗೋದು ಇನ್ನೂ ಬಿಟ್ಟಿಲ್ವಾ?" ಅವಳು ಮನಸಾರೆ ನಕ್ಕಳು. ಸ್ಪೇನಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾದಾಮಿ ಮರವನ್ನು ಮುಟ್ಟಬೇಕೆಂದಳು. ಪುರಸಭೆಯವರು ಸುತ್ತ ಬೇಲಿ ಹಾಕಿದ್ದಾರೆ ಅಂದ ಮೆಲಾನಿಯೊ. "ಮರಕ್ಕೂ ಜೈಲೇ!" ಎಂದು ಬೈದು ಮುಂದೆ ನಡೆದಳು. ಅವಳ ಮುಖ ಹುಡುಗಿಯ ಮುಖವಾಗಿತ್ತು. ಮೆಲಾನಿಯೊನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಬೇಕರಿ ಮೂಲೆಯಲ್ಲಿ ಅವಳು ನಿಂತು, ತಲೆಯೆತ್ತಿ ಮೂಸಿದಳು.

"ಇವತ್ತೂ ಹೊಳೆ ಗಾಳಿಯೇನೋ?"

"ಹೂಂ ದೋನ್ಯಾ. ಚೆಮಾ ಒಳಗೆ ಒಲೆ ಹತ್ರ ಇದ್ದಾನೆ, ಕೈಯೆಲ್ಲ ಹಿಟ್ಟು. ನಾವು ಹೊರಗಿಂದಲೇ..."

"ಹಿಟ್ಟಿದ್ರೆ ಇರಲಿ. ಅವನ ಮದುವೆ ಪ್ಯಾಂಟು ಹೊಲಿದವಳು ನಾನು, ನನ್ನ ಹತ್ರ ಏನು ನಾಚಿಕೆ?" ಎಂದವಳೇ ಅವನ ತೋಳು ಬಿಟ್ಟು, ಕೋಲಿನಿಂದ ಮೆಟ್ಟಿಲು ತಡವಿ ಹತ್ತಿಬಿಟ್ಟಳು. ಆ ಮೆಟ್ಟಿಲು ಅವಳ ಕಾಲಿಗೆ ಮರೆತಿರಲಿಲ್ಲ. ಗಲ್ಲಾಪೆಟ್ಟಿಗೆಯ ಎಡಕ್ಕೆ, ಬ್ರೆಡ್ಡಿನ ಬುಟ್ಟಿ ಇರುತ್ತಿದ್ದ ಕಡೆಗೇ ಕೈ ಚಾಚಿದಳು.

ಕೈಗೆ ಸಿಕ್ಕಿದ್ದು ಟೋಪಿ. ಅದರ ಪಕ್ಕ ಇನ್ನೊಂದು, ಅದರಡಿ ಮತ್ತೊಂದು. ಬೆರಳುಗಳು ಹುಲ್ಲಿನ ಹೆಣಿಗೆಯ ಮೇಲೆ ಹರಿದು, ಪಟ್ಟಿಯನ್ನು ಹಿಡಿದು ನಿಂತವು. ಬಟ್ಟೆ ಹೊಲಿದ ಬೆರಳುಗಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

"ಮೆಲಾನಿಯೊ, ಚೆಮಾ ಯಾವಾಗಿಂದ ಬ್ರೆಡ್ಡಿಗೆ ರಿಬ್ಬನ್ನು ಕಟ್ತಾನೆ?"

ಅಂಗಡಿಯ ಹುಡುಗಿ ಮಿಗ್ದಾಲಿಯಾ ಕುಳಿತುಕೊಳ್ಳಲು ಕುರ್ಚಿ ತಂದಳು. ಲುದೊವಿನಾ ಕೂರಲಿಲ್ಲ.

"ಯಾವಾಗ ಹೋದ?"

"ನೀವು ಆಸ್ಪತ್ರೇಲಿದ್ರಲ್ಲ, ಆ ಮಳೆಗಾಲದಲ್ಲಿ."

"ಯಾರು ಹೊತ್ರು?"

"ನಾನೂ ಹೊತ್ತೆ ದೋನ್ಯಾ."

"ಹಾಗಾದ್ರೆ ಮಣ್ಣು ಮಾಡಿ ಬಂದು, ನನ್ನ ಕಿಟಕೀಲಿ ನಿಂತು ಅವನೇ ಕಳಿಸಿದ ಅಂತ ಬ್ರೆಡ್ಡು ಕೊಟ್ಟೆ." ಅವಳ ದನಿ ಏರಲೇ ಇಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. "ಅವನಿಗೆ ನಾನು ಒಂದು ಜಪಸರ ಹೇಳ್ಲಿಲ್ಲ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಅದನ್ನೂ ಕಿತ್ಕೊಂಡೆಯಲ್ಲೋ. ಆ ಹುಡುಗೀನ ಸುಳ್ಳಿ ಅಂದೆ. ಇಂಥ ಬೀದಿ ಬಿಟ್ಟು ಯಾರು ಬರ್ತಾರೆ ಹೋಗೇ ಅಂತ ಅವಳು ನನಗಿಟ್ಟ ಕೋಣೆಗೆ ಬೀಗ ಹಾಕಿಸಿ, ಇಲ್ಲಿ ಒಂಟಿಯಾಗಿ ಕೂತೆ. ಯಾವ ಬೀದಿ ಬಿಡಬಾರದು ಅಂತ ಕೂತೆನೋ, ಅದು ಇಲ್ವೇ ಇಲ್ಲ!"

"ನೀವೂ ಹೋಗಿಬಿಟ್ರೆ ನನಗೆ ಯಾರಿದ್ದಾರೆ?" ಮೆಲಾನಿಯೊ ಪ್ರವಾಸಿಗಳ ಮುಂದೆಯೇ ಮಗುವಿನ ಹಾಗೆ ಅತ್ತ. "ಇವರಿಗೆಲ್ಲ ನಾನು ಹೇಳೋದು ಕಥೆ. ನಿಮಗೊಬ್ಬರಿಗೇ ಅದು ನಿಜ."

ಅವಳು ಕೈ ಚಾಚಿ ಅವನ ಮುಖ ಹುಡುಕಿದಳು. ಕೆನ್ನೆ ಸಿಕ್ಕಿತು. ಫಟ್ಟನೆ ಒಂದು ಬಾರಿಸಿದಳು. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

"ನಡಿ ಈಗ" ಎಂದಳು. "ವಾಪಸು ಅದೇ ದಾರೀಲಿ. ಏನಿದೆಯೋ ಅದನ್ನ ಹೇಳು."

ಅವಳು ಕೋಲಿನಿಂದ ಒಂದು ಬಾಗಿಲು ತಟ್ಟಿ "ಇದು ಯಾವ ಬಣ್ಣವೋ?" ಎಂದರೆ ಮೆಲಾನಿಯೊ ನಿಂತು ನೋಡಬೇಕಾಯಿತು. ಹಸಿರು. "ಈ ಮನೇಲಿ ಯಾರಿದ್ದಾರೆ?" ಗೊತ್ತಿಲ್ಲ. ಇಷ್ಟು ವರ್ಷ ದಿನಾ ಈ ಬೀದಿಯಲ್ಲಿ ನಡೆದವನು, ಇರುವುದನ್ನು ಒಂದು ದಿನವೂ ನೋಡಿರಲಿಲ್ಲ. ಅವಳಿಗಾದರೂ ಕಣ್ಣು ಹೋಗಿತ್ತು. ಕಡೆಗೆ ಸ್ಪೇನಿನವರೇ ಹೇಳಿಕೊಟ್ಟರು, ಅಲ್ಲೊಂದು ಬೆಕ್ಕು, ಇಲ್ಲೊಂದು ಒಣಹಾಕಿದ ಕೆಂಪು ಹೊದಿಕೆ ಅಂತ.

ಮಾತು ಕೊಟ್ಟ ಭಾನುವಾರ ಅವಳು ಹೊರಡಲಿಲ್ಲ. "ಮೊದಲು ಚೆಮಾನ ಸಾವು ಮುಗೀಲಿ" ಎಂದಳು. ನಮ್ಮಲ್ಲಿ ಸತ್ತವರಿಗೆ ಒಂಬತ್ತು ಸಂಜೆ ಜಪಸರ ಹೇಳುವುದು ಪದ್ಧತಿ. ಎಂದೋ ಸತ್ತವನಿಗೆ ಮತ್ತೆ ಒಂಬತ್ತು ಸಂಜೆ ಬೀದಿಯೇ ಸೇರಿತು. ಎಲ್ಲರೂ ತಂತಮ್ಮ ತೂಗುಕುರ್ಚಿ ಹೊತ್ತು ತಂದರು, ಯೊಕಾಸ್ತಾ ಕಾಫಿ ಹಂಚಿದಳು, ತಾವಿತೊ ಅಂಗಡಿ ಬೇಗ ಮುಚ್ಚಿ ಬಂದ, ಚೆಮಾನನ್ನು ಕಂಡೇ ಇರದ ಮಿಗ್ದಾಲಿಯಾ ಎಲ್ಲರಿಗಿಂತ ಹೆಚ್ಚು ಅತ್ತಳು. ಲುದೊವಿನಾ ಕೊನೆಯ ಸಂಜೆ ಗಟ್ಟಿಯಾಗಿ ಅತ್ತು, ಮೂಗು ಒರೆಸಿಕೊಂಡು, "ಸರಿ, ಕಟ್ಟೇ ಗಂಟು" ಎಂದಳು. ಅಷ್ಟು ದಿನವೂ ಮೆಲಾನಿಯೊನ ಜೊತೆ ಒಂದು ಮಾತೂ ಆಡಲಿಲ್ಲ, ಹೊರಡುವಾಗಲೂ ಆಡಲಿಲ್ಲ.

ಮರುದಿನ ಮೆಲಾನಿಯೊ ಅಭ್ಯಾಸಬಲದಿಂದ ಬ್ರೆಡ್ಡಿನ ಪೊಟ್ಟಣ ಹಿಡಿದು ಮುಚ್ಚಿದ ಕಿಟಕಿಯ ಕೆಳಗೆ ಬಂದು ನಿಂತ. ಹಿಂದೆ ಬಂದ ಪ್ರವಾಸಿಗಳು, ಇಲ್ಲಿ ಏನಿದೆ ಅಂತ ಕೇಳಿದರು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಎಲ್ಲಿದ್ದೀಯೋ?"

"ಕಿಟಕಿ ಕೆಳಗೆ ದೋನ್ಯಾ."

"ಗೊತ್ತಿತ್ತು. ಹೇಳು, ಏನೇನಿದೆ? ಇರೋದೇ ಹೇಳ್ಬೇಕು, ನೋಡು, ಇಲ್ಲಾಂದ್ರೆ ಬಂದು ಇನ್ನೊಂದು ಬಾರಿಸ್ತೀನಿ."

ಮೆಲಾನಿಯೊ ಕಣ್ಣೊರೆಸಿಕೊಂಡು ಬೀದಿಯನ್ನು ನೋಡಿದ. "ನಿಮ್ಮ ಕಿಟಕಿ ಮುಚ್ಚಿದೆ. ಎದುರಿನ ಹಸಿರು ಬಾಗಿಲ ಮುಂದೆ ಒಬ್ಬ ಸೈಕಲ್ಲು ತೊಳೀತಿದ್ದಾನೆ, ಹೆಸರು ಕೇಳ್ತೀನಿ ಇವತ್ತು. ತಾವಿತೊ ಯಾವನದೋ ಕಿವಿ ಕುಯ್ದ ಅಂತ ಕಾಣುತ್ತೆ, ಜಗಳ ಆಗ್ತಿದೆ. ಮಿಗ್ದಾಲಿಯಾ ಟೋಪಿಗಳನ್ನ ಬಿಸಿಲಿಗೆ ಇಡ್ತಿದ್ದಾಳೆ, ಎಲ್ಲಾ ಹಳದಿ. ಬಾದಾಮಿ ಮರ ಇದ್ದ ಜಾಗದಲ್ಲಿ ಒಂದು ನಾಯಿ ಮಲಗಿದೆ." ಹೀಗೇ ಬೀದಿಯ ತುದಿಯವರೆಗೂ ಹೇಳಿದ. ಅವಳು ನಡುನಡುವೆ ಹೂಂ ಅನ್ನುತ್ತಿದ್ದಳು. ಪ್ರವಾಸಿಗಳು ಅವನ ಬೆರಳು ಹೋದ ಕಡೆಗೆಲ್ಲ ತಲೆ ತಿರುಗಿಸುತ್ತಿದ್ದರು.

"ಅಷ್ಟೇ ದೋನ್ಯಾ. ಇರೋದು ಇಷ್ಟೇ."

ಹತ್ತನೇ ಮಹಡಿಯಲ್ಲಿ ಗಾಳಿ ಜೋರಾಗಿ ಬೀಸುತ್ತಿರುವುದು ಫೋನಿನಲ್ಲೂ ಕೇಳಿಸುತ್ತಿತ್ತು.

"ಕೊಸರು?" ಎಂದಳು.

ಮೆಲಾನಿಯೊ ಬೇಕರಿ ಮೂಲೆಯ ಕಡೆಗೆ ತಿರುಗಿದ.

"ಚೆಮಾ ಈಗಷ್ಟೇ ಒಲೆಯಿಂದ ತೆಗೆದ ದೋನ್ಯಾ" ಎಂದ. "ಇವತ್ತು ಸ್ವಲ್ಪ ಸೀದಿದೆ."