ಫೋನ್ ಮರೆಯದಿರಲು ಒಂದು ಉಪಾಯ

ನಾನು ಪಾಠ ಮಾಡುವ ಶಾಲೆಯ ವಿಜ್ಞಾನ ದಿನಕ್ಕೆ ಬರಲಿದ್ದ ಕಂಪ್ಯೂಟರ್ ವಿಜ್ಞಾನಿಯ ಪರಿಚಯ ಭಾಷಣ ನನ್ನ ಪಾಲಿಗೆ ಬಂದಿತ್ತು. ವಿವರ ಕೇಳಲು ಶ್ರೀರಾಂಪುರದ ಅವರ ಮನೆಗೆ ಹೋದೆ. ನಮಗೆ ಏನು ಇಷ್ಟವಾಗಬಹುದೆಂದು ಫೋನ್ ಊಹಿಸಿ ತೋರಿಸುತ್ತದಲ್ಲ, ಅದೇ ಅವರ ಸಂಶೋಧನೆ.

"ನಿಮ್ಮ ಯಾವ ಪ್ರಬಂಧವನ್ನು ಬೇರೆಯವರು ಹೆಚ್ಚು ಉಲ್ಲೇಖಿಸಿದ್ದಾರೆ, ಮೇಡಂ?"

"ನಾವು ತೆರೆದು ನೋಡದೆ ಬಿಟ್ಟಿದ್ದನ್ನ ಫೋನ್ ನಿಧಾನಕ್ಕೆ ಮರೀಬೇಕು ಅಂತ ಬರೆದಿದ್ದೆ. ಲೋಕವೆಲ್ಲ ಅದನ್ನೇ ಹಿಡ್ಕೊಂಡಿದೆ ಕಣ್ರೀ."

ನನ್ನ ಪೆನ್ನು ನಿಂತಿತು. ತೀರಿಕೊಂಡ ನನ್ನ ಯಜಮಾನರು ನನ್ನ ಫೋನಿನಲ್ಲೇ ಗಡಿಯಾರ ರಿಪೇರಿಯ ವಿಡಿಯೊ ನೋಡುತ್ತಿದ್ದರು. ಅವರು ಹೋದ ಮೇಲೂ ಫೋನ್ ಅಂಥವನ್ನೇ ತೋರಿಸುತ್ತಿತ್ತು. ನಾನು ಅವನ್ನು ತೆರೆಯುತ್ತಿರಲಿಲ್ಲ; ಈಚೆಗೆ ಅವು ಕಡಿಮೆಯಾಗುತ್ತಿದ್ದವು. ಮೇಡಂಗೆ ಅದನ್ನು ಹೇಳಿದೆ.

"ಬರೆಯುವಾಗ ನಿಮ್ಮಂಥವರು ನನ್ನ ತಲೆಗೇ ಬರ್ಲಿಲ್ಲ ಕಣಮ್ಮ. ದಿನಾ ಒಂದು ನೋಡಿ, ಪೂರ್ತಿ ನೋಡಿ. ಆಗ ಅದು ಮರೆಯಲ್ಲ."

ತಮಗೆ ಅಷ್ಟು ಹೆಸರು ತಂದ ಲೆಕ್ಕಾಚಾರವನ್ನು ಸೋಲಿಸುವ ದಾರಿಯನ್ನು ಹೀಗೆ ತಾವೇ ಹೇಳಿಕೊಡುವ ವಿದ್ವಾಂಸರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಹೇಳಿದಂತೆಯೇ ಮಾಡುತ್ತಿದ್ದೇನೆ. ಫೋನ್ ಈಗ ನನ್ನನ್ನು ರಿಪೇರಿಯವಳೆಂದೇ ನಂಬಿ, ದಿನಾ ಚಿಕ್ಕ ಸ್ಕ್ರೂಡ್ರೈವರ್‌ಗಳನ್ನು ಮಾರಲು ನೋಡುತ್ತಿದೆ.