ಮೊಗುಲಮ್ಮನ ಬಟ್ಟಲಿನ ಹಲ್ಲುಹುಳು

ನಾರಾಯಣಪೇಟೆಯಲ್ಲಿ ಹಲ್ಲುನೋವು ಬಂದವರೆಲ್ಲ ಮೊಗುಲಮ್ಮನ ಮನೆಗೆ ಬರುತ್ತಿದ್ದರು. ಬಂದವರನ್ನೆಲ್ಲ ಮೊಗುಲಮ್ಮ ಮನಸ್ಸಿನಲ್ಲೇ ಕತ್ತೆ ಎಂದು ಕರೆಯುತ್ತಿದ್ದಳು. ನಿಜಾಮರ ಕಾಲ, ಸರ್ಕಾರಿ ದವಾಖಾನೆ ಎಂದರೆ ಸಾಯಲು ಹೋಗುವ ಜಾಗ ಎಂದು ಜನ ನಂಬಿದ್ದ ದಿನಗಳು. ಹುಳುಕು ಹಲ್ಲಿನೊಳಗೆ ಹುಳ ಇರುತ್ತದೆ, ಅದನ್ನು ಮೊಗುಲಮ್ಮ ಹೊಗೆ ಹಾಕಿ ಬೀಳಿಸುತ್ತಾಳೆ ಎಂಬುದು ಮಕ್ತಲ್‌ವರೆಗೂ ಗೊತ್ತಿತ್ತು.

ಅಗಲವಾದ ಬಟ್ಟಲಲ್ಲಿ ನೀರು, ನಡುವೆ ಒಂದು ಕಲ್ಲು, ಅದರ ಮೇಲೆ ಮಡಕೆಯ ಚೂರಿನಲ್ಲಿ ಕೆಂಡ. ಕೆಂಡಕ್ಕೆ ಎಣ್ಣೆ ಸವರಿದ ನೆಲಗುಳ್ಳದ ಬೀಜ ಹಾಕುತ್ತಿದ್ದಳು. ನೋವಿನವರು ಕಂಬಳಿ ಹೊದ್ದು, ಬಗ್ಗಿ, ಹೊಗೆಗೆ ಬಾಯಿ ಒಡ್ಡಬೇಕು. ಬೀಜ ಚಟಪಟ ಸಿಡಿದು, ಕಣ್ಣು ಮೂಗು ಬಾಯಿಯೆಲ್ಲ ಸುರಿದು, ಸಾಕಪ್ಪಾ ಸಾಕು ಎನ್ನುವಾಗ ಕಂಬಳಿ ಸರಿಸಿದರೆ ನೀರಿನ ಮೇಲೆ ಬೆಳ್ಳಗೆ, ಸಣ್ಣಗೆ, ಸುರುಳಿ ಸುತ್ತಿದ ಹುಳುಗಳು ತೇಲುತ್ತಿದ್ದವು. ನೋಡಿದವರ ನೋವು ಅರ್ಧ ಅಲ್ಲೇ ಇಳಿಯುತ್ತಿತ್ತು.

ಈ ವಿದ್ಯೆ ಅತ್ತೆಯಿಂದ ಬಂದದ್ದು. ಮದುವೆಯಾದ ಮರುವರ್ಷ ಅತ್ತೆ ಗದ್ವಾಲಕ್ಕೆ ಹೋಗಿದ್ದಾಗ, ಕೈ ಪಳಗಲಿ ಎಂದು ಮೊಗುಲಮ್ಮ ಒಬ್ಬಳೇ ಕೂತು ಕೆಂಡಕ್ಕೆ ಬೀಜ ಹಾಕಿದಳು. ಹನ್ನೊಂದು ಹುಳ ಬಿದ್ದವು. ಮನೆಯಲ್ಲಿ ಇದ್ದದ್ದು ಅವಳು ಮತ್ತು ಮೂಲೆಯಲ್ಲಿ ಕಟ್ಟಿದ ಮೇಕೆ. ತನ್ನ ಹಲ್ಲು ಗಟ್ಟಿ ಎಂದು ಅವಳಿಗೆ ಗೊತ್ತಿತ್ತು; ಎದ್ದು ಹೋಗಿ ಮೇಕೆಯ ಬಾಯಿ ಬಿಡಿಸಿ ನೋಡಿದಳು. ಅದರ ಹಲ್ಲೂ ಗಟ್ಟಿ. ಆಮೇಲೆ ಒಂದು ಹುಳವನ್ನು ಉಗುರಿನಿಂದ ಒತ್ತಿ ನೋಡಿದಳು. ಅದು ಸಿಡಿದ ಬೀಜದೊಳಗಿನ ಎಳೆಯ ಮೊಳಕೆ.

ಅತ್ತೆ ಬಂದ ಮೇಲೆ ಹೇಳಿದಳು. ಅತ್ತೆ ಎಲೆಯಡಿಕೆ ಉಗುಳಿ, "ನಿನಗ ಈಗ ತಿಳೀತೇನು? ನನಗ ಮೂವತ್ತು ವರ್ಷದಿಂದ ಗೊತ್ತೈತಿ. ಬಾಯಿ ಮುಚ್ಚಿಕೊಂಡು ಕೆಂಡ ಊದು" ಎಂದಳು.

ಮೊಗುಲಮ್ಮ ಊದಿದಳು. ಆದರೆ ಅಂದಿನಿಂದ ಅವಳಿಗೆ ಜನರ ಮೇಲೆ ಹುಟ್ಟಿದ ತಾತ್ಸಾರ ಕೊನೆಯವರೆಗೂ ಇಳಿಯಲಿಲ್ಲ.

ಹಾಗೆಂದು ಅವಳು ಬರೀ ಮೋಸಗಾತಿಯಲ್ಲ. ಸಾವಿರ ಬಾಯಿ ನೋಡಿದ ಕಣ್ಣು ಅವಳದು. ದವಡೆ ಹಲ್ಲಿನ ಗೆರೆಯಲ್ಲಿ ಸಾಸಿವೆಯಷ್ಟು ಕಪ್ಪು ಕಂಡರೆ ಸಾಕು, ಸೂಜಿಮೊನೆ ಆಡಿಸಿ ಕುಳಿ ಎಷ್ಟು ಆಳ ಎಂದು ಹೇಳುತ್ತಿದ್ದಳು. ಹಲ್ಲನ್ನು ತಟ್ಟಿ, ಬೇರಿಗೆ ಕೀವು ಇಳಿದಿದೆಯೋ ಇಲ್ಲವೋ ತಿಳಿಯುತ್ತಿದ್ದಳು. ಕಮ್ಮಾರನ ಹತ್ತಿರ ತನ್ನ ಕೈ ಅಳತೆಗೆ ಒಂದು ಇಕ್ಕಳ ಮಾಡಿಸಿಕೊಂಡಿದ್ದಳು. ಕೆಟ್ಟ ಹಲ್ಲನ್ನು ಅದು ಬೇರು ಮುರಿಯದಂತೆ ಎತ್ತುತ್ತಿತ್ತು. ಮಗ್ಗದ ಕುಣಿಯಲ್ಲಿ ಕೂತು ದಿನವಿಡೀ ದವಡೆಯಲ್ಲಿ ಬೆಲ್ಲದ ಚೂರು ಒತ್ತಿಕೊಳ್ಳುವ ನೇಕಾರರಿಗೆ, "ಮೊದಲ ಆ ಬೆಲ್ಲ ಉಗುಳ್ರೀ. ಉಂಡ ಮ್ಯಾಲ ಬಾಯಿ ಮುಕ್ಕಳಿಸ್ರಿ. ದಿನಾ ಬೇವಿನ ಕಡ್ಡಿ ಜಗೀರಿ" ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಯಾರೂ ಕೇಳಲಿಲ್ಲ. ಬೇವಿನ ಕಡ್ಡಿಯಲ್ಲಿ ನೋಡುವಂಥದ್ದು ಏನಿದೆ? ಅವರಿಗೆ ಹುಳ ಬೇಕು.

ಅದರಲ್ಲೂ ಸೀರೆ ವ್ಯಾಪಾರದ ಶಿವಶಂಕರಪ್ಪ! ಹುಳ ಬಿದ್ದ ಮರುದಿನ ಅಂಗಡಿಯ ಗಾದಿಯ ಮೇಲೆ ಕೂತು, "ನನ್ನವು ಇಪ್ಪತ್ತೊಂದು" ಎಂದು ಬೀಗುತ್ತಿದ್ದ, ಇಪ್ಪತ್ತೊಂದು ಎತ್ತು ಕಟ್ಟಿದವನ ಹಾಗೆ. ಎದುರಂಗಡಿಯವನದು ಹದಿನಾಲ್ಕೇ ಎಂದು ಅವನಿಗೆ ಸಮಾಧಾನ. ಎಣಿಸಿದವಳು ಮೊಗುಲಮ್ಮನ ಐದು ವರ್ಷದ ಮಗಳು ಆಶಮ್ಮ. ಕಸಬರಿಗೆ ಕಡ್ಡಿಯಿಂದ ಒಂದೊಂದನ್ನೇ ಸರಿಸಿ, ಮುದ್ದು ಬಾಯಿಯಲ್ಲಿ ಎಣಿಸುವಳು. ಮಗು ಎಣಿಸಿದರೆ ಜನ ಇನ್ನೂ ನಂಬುತ್ತಾರೆ ಎಂದು ಮೊಗುಲಮ್ಮನೇ ಕೂರಿಸಿದ್ದು. ದೊಡ್ಡವಳಾದ ಮೇಲೆ ನಿಜ ಹೇಳಿದರಾಯಿತು ಎಂದುಕೊಂಡಿದ್ದಳು. ಹೇಳುವ ಮೊದಲೇ ಮಗಳನ್ನು ಅದೇ ಸೀಮೆಯ ಮದ್ದೂರಿನ ನೇಕಾರರ ಮನೆಗೆ ಕೊಟ್ಟಾಗಿತ್ತು.

ಆಮೇಲೆ ಒಂದು ಮಧ್ಯಾಹ್ನ ಆಶಮ್ಮ ಗಾಡಿಯಲ್ಲಿ ಬಂದಿಳಿದಳು. ಬಲಗೆನ್ನೆ ಹೂರಣದುಂಡೆಯ ಹಾಗೆ ಊದಿತ್ತು, ಮೈ ಕೆಂಡ. ಮೊಗುಲಮ್ಮ ಬಾಯಿ ಬಿಡಿಸಿ ನೋಡಿದಳು. ಮೇಲಿನ ದವಡೆ ಹಲ್ಲು ಪೊಳ್ಳಾಗಿ, ಬೇರಿನಲ್ಲಿ ಕೀವು ಕಟ್ಟಿತ್ತು. ಇಂಥ ಊತ ಕಣ್ಣಿಗೆ ಏರಿದ ಇಬ್ಬರನ್ನು ಅವಳು ಕಂಡಿದ್ದಳು, ಇಬ್ಬರೂ ಉಳಿದಿರಲಿಲ್ಲ. ಇಕ್ಕಳ ತೆಗೆದಳು.

"ಮೊದಲ ಹುಳ ತಗಿಯವ್ವಾ" ಎಂದಳು ಆಶಮ್ಮ.

"ಹುಳ ಗಿಳ ಏನೂ ಇಲ್ಲ ಬಿಡು. ಅದು ಬೀಜದ ಮೊಳಕಿ. ಹಲ್ಲು ಕೀಳಬೇಕು."

"ಊರಿಗೆಲ್ಲ ತಗದೀ, ಹೆತ್ತ ಮಗಳಿಗಿ ತಗಿಯಾಕ ನಿನಗ ಬ್ಯಾಸರೇನು? ನಾನ ಎಣಿಸೀನಲ್ಲ, ಈ ಕೈಲೆ!"

ಮೊಗುಲಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮಗಳನ್ನು ಬಾಗಿಲ ಹತ್ತಿರ, ಹತ್ತು ಮೊಳ ದೂರ ಕೂರಿಸಿದಳು. ನಡುಮನೆಯಲ್ಲಿ ಬಟ್ಟಲಿಟ್ಟು ಕೆಂಡಕ್ಕೆ ಬೀಜ ಸುರಿದಳು. ಹೊಗೆಯ ಹತ್ತಿರ ಒಂದು ಬಾಯಿಯೂ ಇರಲಿಲ್ಲ. ಒಂಬತ್ತು ಹುಳ ತೇಲಿದವು. "ನೋಡು, ಕಣ್ಣು ತೆರದು ನೋಡು!"

ಆಶಮ್ಮ ಬಂದು ಬಗ್ಗಿ ನೋಡಿದಳು. ಊದಿದ ಮುಖ ಅರಳಿತು. "ಯವ್ವಾ! ಅಷ್ಟು ದೂರದಿಂದ ಎಳಕೊಂಡ್ಯಾ! ಏನು ಶಕ್ತಿ ಐತವ್ವ ನಿನ್ನ ಕೈಯಾಗ" ಎಂದು ತಾಯಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ನೋವು ಇಳಿಯಿತು ಎಂದು ಮಲಗಿದಳು.

ಬೆಳಗಾಗುವಾಗ ಬಲಗಣ್ಣು ಮುಚ್ಚಿಹೋಗಿತ್ತು. ಮೊಗುಲಮ್ಮ ಇನ್ನು ವಾದಕ್ಕಿಳಿಯಲಿಲ್ಲ. "ಮರಿ ಎಲ್ಲಾ ಬಿದ್ದಾವು, ದೊಡ್ಡ ಹುಳ ಬೇರು ಕಚ್ಚಿಕೊಂಡೈತಿ. ಹಲ್ಲಿನ ಕೂಡನ ಬರಬೇಕು ಅದು" ಎಂದಳು. ಆಶಮ್ಮ ತಕ್ಷಣ ಬಾಯಿ ತೆರೆದಳು. ಹಲ್ಲು ಬಂತು, ಹಿಂದೆಯೇ ಕೀವು ಧಾರೆಯಾಗಿ ಬಂತು. ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ ಐದನೇ ದಿನಕ್ಕೆ ಕಣ್ಣು ಪೂರ್ತಿ ತೆರೆಯಿತು. ಮಗಳು ಉಳಿದಳು. ಮೊಗುಲಮ್ಮ ಒಲೆಯ ಮುಂದೆ ಕೂತು ಅತ್ತಳು.

ಮಗಳ ಗಾಡಿ ಮದ್ದೂರಿಗೆ ಹೋದ ಮೇಲೆ ನೋಡಿದರೆ ಬಟ್ಟಲಿಲ್ಲ, ನೆಲಗುಳ್ಳದ ಬೀಜದ ಚೀಲವಿಲ್ಲ. ಗೂಟಕ್ಕೆ ಇಕ್ಕಳ ಮಾತ್ರ ನೇತಾಡುತ್ತಿತ್ತು. ಮಗಳು ತಿರುಗಿ ಬಂದಾಗ ಕೇಳಿದರಾಯಿತು ಎಂದು ಅವಳು ಸುಮ್ಮನಾದಳು.

ಮೂರು ತಿಂಗಳಿಗೆ ಶಿವಶಂಕರಪ್ಪ ಎಡಗೆನ್ನೆ ಹಿಡಿದುಕೊಂಡು ಬಂದ. ಮೊಗುಲಮ್ಮ ಸೂಜಿ ಆಡಿಸಿ ನೋಡಿ, "ಕೀಳಬೇಕ್ರೀ ಸಾವ್ಕಾರ್ರೀ. ಹುಳ ಬೀಳ್ಸಾಕ ನನ್ನ ಹತ್ರ ಬಟ್ಟಲಿಲ್ಲ" ಎಂದಳು.

"ಹಂಗಾದ್ರ ಮದ್ದೂರಿಗೇ ಹೋಗ್ತೀನಿ ಬಿಡಬೇ. ನಿನ್ನ ಮಗಳು ತಗೀತಾಳಲ್ಲ? ನಿನಗಿಂತ ಆಕಿ ಕೈಯಾಗ ಹುಳ ಹೆಚ್ಚು ಬೀಳ್ತಾವಂತ. ಹೋದ ವಾರ ಒಬ್ಬ ನೇಕಾರಗ ನಲವತ್ತೊಂದು ಬಿದ್ದವಂತ, ನಲವತ್ತೊಂದು!" ಎಂದ ಸಾಹುಕಾರ, ಹೊಟ್ಟೆಕಿಚ್ಚಿನಿಂದ.

"ಆ ನೇಕಾರ ಈಗ ಹೆಂಗದಾನ್ರೀ?"

"ಸತ್ತ. ಮುಖ ಬಾತು ಮೂರ ದಿನಕ್ಕ ಹೋದ. ಅಷ್ಟು ಹುಳ ಇದ್ದಾಗ ಪಾಪ ಆಕಿ ತಾನ ಏನು ಮಾಡ್ಯಾಳು?"

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಮೊಗುಲಮ್ಮ ಗೂಟದಿಂದ ಇಕ್ಕಳ ತೆಗೆದು ಸೆರಗಿಗೆ ಕಟ್ಟಿಕೊಂಡು, ಸಾಹುಕಾರನನ್ನು ಅಲ್ಲೇ ಬಿಟ್ಟು ಮದ್ದೂರಿನ ದಾರಿ ಹಿಡಿದಳು. ಊರನ್ನೆಲ್ಲ ಕತ್ತೆ ಎಂದು ಬೈದವಳಿಗೆ ತನ್ನನ್ನು ಬೈದುಕೊಳ್ಳಲು ದಾರಿಯುದ್ದಕ್ಕೂ ಒಂದು ಮಾತು ಸಿಗಲಿಲ್ಲ.